ಒಂದೇ ಪಂದ್ಯ, ನಾಲ್ಕು ಮೈದಾನ

2020ರ ಆರಂಭದಲ್ಲಿ ನಾನು ಕೌಲಾಲಂಪುರದ ಹೊರವಲಯದ ಒಂದು ಖಾಸಗಿ ಮೆಡಿಕಲ್ ಕಾಲೇಜಿನಲ್ಲಿ ಫಿಸಿಯಾಲಜಿ ಉಪನ್ಯಾಸಕಿಯಾಗಿದ್ದೆ. ಮಣಿಪಾಲದಲ್ಲಿ ಓದುವಾಗ ಸ್ಪೋರ್ಟ್ಸ್ ಮೆಡಿಸಿನ್‌ನಲ್ಲಿ ಒಂದು ಡಿಪ್ಲೊಮಾ ಮಾಡಿಕೊಂಡಿದ್ದೆ. ಆ ಒಂದು ಸಾಲು ಬಯೋಡೇಟಾದಲ್ಲಿ ಉಳಿದುಕೊಂಡ ತಪ್ಪಿಗೆ, ಸುತ್ತಲಿನ ಎಂಟು ಕಾಲೇಜುಗಳು ಸೇರಿ ನಡೆಸುತ್ತಿದ್ದ ಮಹಿಳಾ ಫುಟ್‌ಬಾಲ್ ಲೀಗಿಗೆ ನಾನೇ ವೈದ್ಯೆ, ನಾನೇ ಸಂಚಾಲಕಿ ಎಂದು ಡೀನ್ ತೀರ್ಮಾನಿಸಿಬಿಟ್ಟರು. ಫುಟ್‌ಬಾಲಿನಲ್ಲಿ ನನಗೆ ಚೆನ್ನಾಗಿ ಗೊತ್ತಿದ್ದದ್ದು ಮೊಣಕಾಲಿನ ಲಿಗಮೆಂಟುಗಳು ಮಾತ್ರ.

ಸೈಬರ್‌ಜಯಾದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನನ್ನ ಗಂಡ ರಘು ಮೈಸೂರಿನವರು. ಸುದ್ದಿ ಕೇಳಿ ಅವರು ಬಿದ್ದೂ ಬಿದ್ದೂ ನಕ್ಕರು.

"ನಿಂಗೆ ಆಫ್‌ಸೈಡ್ ಅಂದ್ರೇನು ಅಂತಾದ್ರೂ ಗೊತ್ತೇನೇ?"

"ಅದು ರೆಫರಿಗೆ ಗೊತ್ತಿದ್ರೆ ಸಾಕು," ಎಂದೆ.

ಆ ಲೀಗಿನ ಕೊನೆಗೆ ಒಂದು ವಿಶೇಷ ಪಂದ್ಯವಿರುತ್ತಿತ್ತು. ಕಪ್ ಯಾರಿಗೆ ಎಂಬುದೆಲ್ಲ ಮುಗಿದ ಮೇಲೆ, ಎಲ್ಲ ಕಾಲೇಜುಗಳ ಉತ್ತಮ ಆಟಗಾರ್ತಿಯರನ್ನು ಬೆರೆಸಿ ಉತ್ತರ, ದಕ್ಷಿಣ ಎಂದು ಎರಡು ತಂಡ ಕಟ್ಟಿ ಆಡಿಸುವ ಆಲ್-ಸ್ಟಾರ್ ಪಂದ್ಯ. ಆಯ್ಕೆ ಮಾಡುವವರು ಆಟಗಾರ್ತಿಯರೇ. ತಮ್ಮ ಕಾಲೇಜಿನವರಿಗೆ ಮತ ಹಾಕುವಂತಿಲ್ಲ, ಎದುರಾಳಿಗಳಿಗೇ ಹಾಕಬೇಕು. ಜೆರ್ಸಿ ತಂಡದ್ದು, ಆದರೆ ಕಾಲುಚೀಲ ಮಾತ್ರ ಅವರವರ ಕಾಲೇಜಿನದು. ಮೈದಾನದ ತುಂಬ ಬಣ್ಣಬಣ್ಣದ ಕಾಲುಗಳು ಓಡುವುದನ್ನು ನೋಡುವುದೇ ಒಂದು ಚಂದ. ದೊಡ್ಡ ತಂಡಗಳಿಗೆ ಆಯ್ಕೆ ಮಾಡುವವರು ಈ ಒಂದು ಪಂದ್ಯಕ್ಕಾದರೂ ಬಂದು ಕೂರುತ್ತಿದ್ದರು.

ಆ ವರ್ಷ ಎದುರಾಳಿ ಕಾಲೇಜುಗಳೆಲ್ಲವೂ ಮತ ಹಾಕಿದ ಆಟಗಾರ್ತಿ ಒಬ್ಬಳೇ. ಹೆಸರು ತುಳಸಿ. ಪುಚೊಂಗ್‌ನ ತಮಿಳು ಹುಡುಗಿ, ಒಂದು ಪುಟ್ಟ ಕಾಲೇಜಿನಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ಡಿಪ್ಲೊಮಾ ಓದುತ್ತಿದ್ದಳು, ಆಡುತ್ತಿದ್ದದ್ದು ಎಡಬದಿಯ ರಕ್ಷಣೆಯಲ್ಲಿ. ಅವಳನ್ನು ದಾಟಿ ಚೆಂಡು ಒಯ್ಯುವುದು ಸುಲಭವಾಗಿರಲಿಲ್ಲ. ಆ ಕಷ್ಟ ಚೆನ್ನಾಗಿ ಗೊತ್ತಿದ್ದವಳು ಆಯಿಷಾ, ದಕ್ಷಿಣ ತಂಡದ ನಾಯಕಿ. ಬಲಬದಿಯಿಂದ ಮುನ್ನುಗ್ಗುವ ಅವಳಿಗೆ ಪ್ರತಿ ಸಲ ಎದುರಾಗುತ್ತಿದ್ದದ್ದು ತುಳಸಿಯೇ. ಈ ಹುಡುಗಿಯರು ಆಡುವುದು ಇಂಗ್ಲಿಷ್, ಮಲಯ್, ತಮಿಳು ಎಲ್ಲ ಕಲೆತ ಭಾಷೆ. ಅದನ್ನು ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ, ಮಾತಿನ ತುದಿಗೆ ಅವರು ಅಂಟಿಸುವ 'ಲಾ' ಒಂದನ್ನು ಬಿಟ್ಟುಕೊಡಲು ಮನಸ್ಸಾಗುವುದಿಲ್ಲ.

ಮೊದಲ ಮೈದಾನ ಕೌಲಾಲಂಪುರದ್ದು. ಎಲ್ಲ ಸಿದ್ಧವಾಗಿತ್ತು. ಅಷ್ಟರಲ್ಲಿ ಮಾರ್ಚ್ ತಿಂಗಳ ಎಂಸಿಒ ಬಂತು, ಅಂದರೆ ಕೊರೊನಾ ತಡೆಯಲು ಸರ್ಕಾರದ ಸಂಚಾರ ನಿಯಂತ್ರಣ ಆದೇಶ. ಆಟವಿರಲಿ, ಹಾಲು ತರಲು ಮನೆಯಿಂದ ಒಬ್ಬರೇ ಹೋಗಬೇಕಾದ ಕಾಲ. ಉಗ್ರಾಣದಲ್ಲಿ ಮಡಚಿಟ್ಟ ಜೆರ್ಸಿಗಳ ಮೇಲೆ ಧೂಳು ಕೂತಿತು.

ವರ್ಷದ ಮಧ್ಯದಲ್ಲಿ ನಿರ್ಬಂಧ ಸಡಿಲವಾದಾಗ ಎರಡನೆಯ ಮೈದಾನ ಹುಡುಕಿದೆವು, ಪುತ್ರಜಯಾದಲ್ಲಿ. ಅಲ್ಲಿ ರಸ್ತೆಗಳು ವಿಮಾನ ಇಳಿಸುವಷ್ಟು ಅಗಲ, ಆದರೆ ಕಾರಿಲ್ಲದವರಿಗೆ ದಿಕ್ಕಿಲ್ಲ. ವ್ಯಾನು ಗೊತ್ತು ಮಾಡಿ, ಎಲ್ಲರಿಗೂ ಸಂದೇಶ ಕಳಿಸಿದೆ. ಅಕ್ಟೋಬರಿನಲ್ಲಿ ಮತ್ತೆ ಸೋಂಕು ಏರಿ ಕೌಲಾಲಂಪುರ, ಸೆಲಾಂಗೊರ್, ಪುತ್ರಜಯಾ ಮೂರಕ್ಕೂ ನಿಯಂತ್ರಣ ಹೇರಿದರು. ಮತ್ತೆ ಎಲ್ಲರಿಗೂ ಸಂದೇಶ: ಪಂದ್ಯ ಮುಂದೂಡಲಾಗಿದೆ, ಸ್ಥಳ ತಿಳಿಸಲಾಗುವುದು. ಹುಡುಗಿಯರ ವಾಟ್ಸಾಪ್ ಗುಂಪಿನಲ್ಲಿ ನನಗೆ 'ಡಾಕ್ಟರ್ ಪೋಸ್ಟ್‌ಪೋನ್' ಎಂಬ ಹೆಸರು ಬಿತ್ತು. ನಾನೂ ನಕ್ಕೆ. ಅಲ್ಲಿಯವರೆಗಿನ ತಪ್ಪು ರೋಗದ್ದು, ನನ್ನದಲ್ಲವಲ್ಲ.

2021ರಲ್ಲಿ ತುಳಸಿಯ ಕಾಲೇಜು ಮುಚ್ಚಿಹೋಯಿತು. ಹೊಸ ವಿದ್ಯಾರ್ಥಿಗಳಿಲ್ಲದೆ ಸಣ್ಣ ಕಾಲೇಜುಗಳು ಬಾಗಿಲೆಳೆದುಕೊಂಡ ವರ್ಷ ಅದು. ಬೇರೆ ಕಾಲೇಜು ಸೇರಿಸಿಕೊಳ್ಳಲು ಒಪ್ಪಿತ್ತು, ಆದರೆ ಜನವರಿಯ ಪ್ರವೇಶಕ್ಕೆ. ಅಲ್ಲಿಯವರೆಗೆ ಅವಳು ತಾಯಿಯ ತೋಸೈ, ಅಂದರೆ ದೋಸೆ, ಅಂಗಡಿಯಲ್ಲಿ ತಪಾವ್ ಪೊಟ್ಟಣ ಕಟ್ಟುತ್ತಿದ್ದಳು. ಜನ ಕೂತು ತಿನ್ನುವುದು ನಿಂತು ಎಲ್ಲವೂ ಪಾರ್ಸೆಲ್ ಆಗಿದ್ದ ದಿನಗಳು. ಈ ನಡುವೆ ಒಂದು ಒಳ್ಳೆಯ ಸುದ್ದಿಯೂ ಇತ್ತು. ಒಂದು ವಿಶ್ವವಿದ್ಯಾಲಯದ ಮಹಿಳಾ ತಂಡ ಕಟ್ಟುತ್ತಿದ್ದ ಕೋಚ್ ಲಿಮ್ ಎಂಬಾಕೆ ನನಗೆ ಫೋನ್ ಮಾಡಿದ್ದರು. ಕ್ರೀಡಾ ಕೋಟಾದ ಸೀಟು ಅವರ ಕೈಯಲ್ಲಿತ್ತು, ಶುಲ್ಕವೆಲ್ಲ ಮಾಫಿ.

"ನಿಮ್ಮ ಆ ಲೆಫ್ಟ್ ಬ್ಯಾಕ್ ಇನ್ನೂ ಆಡ್ತಿದ್ದಾಳಾ? ವಿಡಿಯೊ ಬೇಡ. ಒಂದು ಪೂರ್ತಿ ಪಂದ್ಯದಲ್ಲಿ ನೋಡ್ಬೇಕು ನಾನು."

ಆ ಪೂರ್ತಿ ಪಂದ್ಯ ಎಂದರೆ ನಮ್ಮದೇ. ತುಳಸಿಗೆ ಹೇಳಿದಾಗ ಅವಳು ಕೇಳಿದಳು: "ಮೈದಾನ ಒಮ್ಮೆ ಗೊತ್ತಾದ್ಮೇಲೆ ಮತ್ತೆ ಬದಲಾಗಲ್ಲ ತಾನೆ, ಡಾಕ್ಟರ್?"

"ಇಲ್ಲ ಮಗಾ," ಎಂದು ಮಾತು ಕೊಟ್ಟೆ.

ಲಸಿಕೆ ಹಾಕಿಸಿಕೊಂಡವರು ಹೊರಾಂಗಣದಲ್ಲಿ ಆಡಬಹುದೆಂದು ಆದದ್ದು ವರ್ಷದ ಕೊನೆಗೆ. ಮೈದಾನ ಮಾತ್ರ ಎಲ್ಲೂ ಸಿಗಲಿಲ್ಲ, ಎರಡು ವರ್ಷ ಕಾದಿದ್ದವರೆಲ್ಲ ಒಟ್ಟಿಗೆ ಮುಗಿಬಿದ್ದಿದ್ದರು. ಆಗ ನೆನಪಾದವರು ಶೆಟ್ಟರು. ಸೈಬರ್‌ಜಯಾ ಬದಿಯ ಒಂದು ಕಾಲೇಜಿನ ರಿಜಿಸ್ಟ್ರಾರ್, ನಮ್ಮ ಉಡುಪಿ ಕಡೆಯವರು, ದೀಪಾವಳಿಗೆ ಒಬ್ಬರ ಮನೆಗೆ ಒಬ್ಬರು ಹೋಗಿಬರುವಷ್ಟು ಪರಿಚಯ. ಕೇಳಿದ ತಕ್ಷಣ ಹೂಂ ಅಂದರು.

"ಊರಿನವ್ರು ಕೇಳಿದ ಮೇಲೆ ಇಲ್ಲ ಅಂತ ಹೇಳ್ಲಿಕ್ಕೆ ಆಗ್ತದಾ ಡಾಕ್ಟ್ರೆ? ಗ್ರೌಂಡ್ ಫ್ರೀ. ಎಲ್ರಿಗೂ ಬಿರಿಯಾನಿ ನಮ್ಮದೇ. ಲೈವ್ ವಿಡಿಯೊನೂ ಮಾಡಿಸುವ. ನೀವೆಂತದೂ ಮಂಡೆಬಿಸಿ ಮಾಡ್ಬೇಡಿ."

ನಾನು ಮಂಡೆಬಿಸಿ ಮಾಡಿಕೊಳ್ಳಲಿಲ್ಲ. ನಮ್ಮವರು ಎಂದರೆ ಹೀಗೆ ಎಂದು ರಘು ಮುಂದೆ ಜಂಬ ಕೊಚ್ಚಿಕೊಂಡೆ. ಪಂದ್ಯಕ್ಕೆ ಕೆಲವೇ ದಿನ ಇರುವಾಗ ಶೆಟ್ಟರು ಮತ್ತೆ ಫೋನ್ ಮಾಡಿದರು.

"ಒಂದು ಸಣ್ಣ ವಿಷಯ ಉಂಟು ಡಾಕ್ಟ್ರೆ. ನಮ್ಮ ಇನ್ಶೂರೆನ್ಸಿನವ್ರು ಹೇಳ್ತಾರೆ, ಗ್ರೌಂಡಿಗೆ ಇಳಿಯುವವ್ರು ಯಾವುದಾದ್ರೂ ಕಾಲೇಜಿನ ಈಗಿನ ಸ್ಟೂಡೆಂಟ್ ಆಗಿರ್ಬೇಕಂತೆ. ನಿಮ್ಮವ್ರು ಎಲ್ಲ ಹಾಗೇ ಅಲ್ವಾ?"

ಉತ್ತರ ಬಹಳ ಸರಳ: ಒಬ್ಬಳು ಅಲ್ಲ ಸರ್, ಅವಳ ಕಾಲೇಜು ಮುಚ್ಚಿದೆ, ಏನು ಮಾಡೋಣ? ನಾನು ಹೇಳಿದ್ದು: "ನೋಡ್ತೇನೆ ಸರ್."

ಯಾಕೆ ಹಾಗಂದೆ ಎಂಬುದನ್ನು ಕನ್ನಡದವರಿಗೆ ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ಅಷ್ಟೆಲ್ಲ ಕೊಟ್ಟವರ ಮುಂದೆ ಇನ್ನೊಂದು ಬೇಡಿಕೆ ಇಡಲು ನಾಲಿಗೆ ಹೊರಳಲಿಲ್ಲ. ದಾಕ್ಷಿಣ್ಯ. ನಮ್ಮ ಕಾಲೇಜಿನ ಹೆಸರಲ್ಲಿ ತುಳಸಿಯನ್ನು ಸೇರಿಸಬಹುದೇ ಎಂದು ಡೀನರನ್ನು ಕೇಳಿದೆ. ಅವರೂ ಜನವರಿ ಎಂದರು. ಆ ಸಂಜೆ ಅಡುಗೆಮನೆಯಲ್ಲಿ ರಘು ಹೇಳಿದರು:

"ಶೆಟ್ರಿಗೆ ಫೋನ್ ಮಾಡಿ ಕೇಳ್ಬಿಡೇ. ಆಗಲ್ಲ ಅಂದ್ರೆ ಆಗಲ್ಲ ಅಂತಾರೆ, ಅಷ್ಟೇ ತಾನೆ?"

"ಗ್ರೌಂಡ್ ಕೊಟ್ಟಿದ್ದಾರೆ, ಊಟ ಹಾಕಿಸ್ತಾರೆ. ಇನ್ನು ಎಂತ ಅಂತ ಕೇಳುದು? ನಂಗೆ ಮುಖ ಇಲ್ಲ."

"ಹೋಗ್ಲಿ, ಆ ಹುಡುಗಿಗಾದ್ರೂ ಹೇಳು."

"ಗೇಟಿನ ಹತ್ರ ಹೇಗಾದ್ರೂ ಆಗ್ತದೆ," ಎಂದು ಒಗ್ಗರಣೆ ಕಡೆ ತಿರುಗಿದೆ. ನಮ್ಮ ದೇಶದಲ್ಲಿ ಅರ್ಧ ಕೆಲಸಗಳು ಗೇಟಿನ ಹತ್ತಿರ ಹೇಗಾದರೂ ಆಗಿಬಿಡುತ್ತವೆ. ಆ ಅಭ್ಯಾಸವನ್ನು ನಾನು ಪಾಸ್‌ಪೋರ್ಟಿನ ಜೊತೆಗೇ ಇಲ್ಲಿಗೂ ತಂದಿದ್ದೆ.

ಶನಿವಾರ ಬೆಳಿಗ್ಗೆ ಗೇಟಿನ ಹತ್ತಿರ ಏನೂ ಆಗಲಿಲ್ಲ. ಕಾವಲಿನವನು ಒಬ್ಬೊಬ್ಬರ ಜ್ವರ ನೋಡಿ, ಹೆಸರು ಮತ್ತು ಕಾಲೇಜು ಕೇಳಿ ಒಳಗೆ ಬಿಡುತ್ತಿದ್ದ. ತುಳಸಿ ಎಲ್‌ಆರ್‌ಟಿ ಎಂಬ ನಗರ ರೈಲು ಹಿಡಿದು, ನಿಲ್ದಾಣದಿಂದ ಗೆಳತಿಯ ಕಾರಿನಲ್ಲಿ ಬಂದಿದ್ದಳು. ಉತ್ತರ ತಂಡದ ಜೆರ್ಸಿ, ಕೆಳಗೆ ಮುಚ್ಚಿಹೋದ ಕಾಲೇಜಿನ ಕೆಂಪು ಕಾಲುಚೀಲ. ತನ್ನ ಕಾಲೇಜಿನ ಹೆಸರನ್ನು ಅವಳು ಸ್ಪಷ್ಟವಾಗಿಯೇ ಹೇಳಿದಳು. ಅಂಥ ಕಾಲೇಜು ತನ್ನ ಪಟ್ಟಿಯಲ್ಲಿ ಇಲ್ಲವೆಂದು ಅವನು ಶೆಟ್ಟರನ್ನು ಕರೆಸಿದ.

"ಕಾಲೇಜು ಮುಚ್ಚಿದೆ ಸರ್," ಎಂದಳು ತುಳಸಿ. "ಜನವರಿಗೆ ಬೇರೆ ಕಡೆ ಸೇರ್ತೀನಿ."

ಶೆಟ್ಟರು ನನ್ನ ಕಡೆ ನೋಡಿದರು. ಸಿಟ್ಟಿನಿಂದಲ್ಲ, ನಿಜವಾಗಿ ಗಾಬರಿಯಾಗಿ. ಪಕ್ಕಕ್ಕೆ ಕರೆದು ಮೆತ್ತಗೆ ಹೇಳಿದರು: "ಇದು ನಂಗೆ ಗೊತ್ತೇ ಇಲ್ವಲ್ಲ ಮಾರಾಯ್ರೆ! ಈಗ ಕೊನೇ ಗಳಿಗೆಯಲ್ಲಿ ನಾನೆಂತ ಮಾಡುದು? ಚೀಫ್ ಗೆಸ್ಟ್ ಬಂದು ಕೂತಾಗಿದೆ. ನೀವೇ ಅವಳಿಗೆ ಹೇಳಿಬಿಡಿ. ನೀವು ಹೇಳಿದ್ರೆ ಕೇಳ್ತಾಳೆ."

ಆಗಲಾದರೂ 'ಅವಳಿಲ್ಲದೆ ಪಂದ್ಯ ಇಲ್ಲ ಸರ್' ಅನ್ನಬಹುದಿತ್ತು. ಬಾಯಿ ಕಟ್ಟಿಹೋಗಿತ್ತು. ನಾನು ಗೇಟಿನ ಆಚೆ ಹೋದೆ. ಎರಡು ವರ್ಷ ಮನೆಯ ಹಿತ್ತಲಲ್ಲಿ ಗೋಡೆಗೆ ಚೆಂಡು ಒದ್ದು ಅಭ್ಯಾಸ ಮಾಡಿದ್ದ ಹುಡುಗಿಗೆ ಹೇಳಿದೆ: "ಇನ್ಶೂರೆನ್ಸ್ ತೊಂದರೆ ತುಳಸಿ. ಇವತ್ತೊಂದು ದಿನ ಹೊರಗಿಂದ ನೋಡ್ತೀಯಾ? ಕೋಚ್ ಲಿಮ್‌ಗೆ ನಾನು ಹೇಳ್ತೇನೆ. ಸ್ವಲ್ಪ ಅಡ್ಜಸ್ಟ್ ಮಾಡ್ಕೋ."

ಅವಳು ಗೇಟನ್ನೂ ನನ್ನನ್ನೂ ಒಮ್ಮೆ ನೋಡಿದಳು. "ಓಕೆ ಲಾ, ಡಾಕ್ಟರ್. ಪರವಾಗಿಲ್ಲ," ಎಂದು ಅಲ್ಲೇ ಕಲ್ಲಿನ ಅಂಚಿನ ಮೇಲೆ ಕೂತು ಬೂಟಿನ ಲೇಸು ಬಿಚ್ಚತೊಡಗಿದಳು. ಕೂಗಾಡಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ನಾಚಿಕೆಯಿಂದ ನನ್ನ ಕಿವಿ ಬಿಸಿಯಾದದ್ದು ಇನ್ನೂ ನೆನಪಿದೆ. ಮಾಸ್ಕ್ ಇತ್ತಲ್ಲ, ಅರ್ಧ ಮುಖವಾದರೂ ಮುಚ್ಚಿತ್ತು ಎಂದು ಸಮಾಧಾನಪಟ್ಟುಕೊಂಡೆ. ಅಂಥ ಹೊತ್ತಿನಲ್ಲೂ ಅದು ಹೊಳೆಯಿತು ನೋಡಿ.

ಒಳಗೆ ಓಡುತ್ತ ಮೈ ಬಿಸಿ ಮಾಡಿಕೊಳ್ಳುತ್ತಿದ್ದ ಆಯಿಷಾ ಇದನ್ನು ನೋಡಿ ಬಂದಳು.

"ಇವಳ್ಯಾಕೆ ಬೂಟು ಬಿಚ್ತಿದ್ದಾಳೆ?"

"ಇನ್ಶೂರೆನ್ಸ್ ಒಪ್ಪಲ್ಲ ಅಂತ..."

"ಇನ್ಶೂರೆನ್ಸ್ ಯಾರು? ಎಲ್ಲಿದ್ದಾರೆ?" ಅವಳು ನಿಜಕ್ಕೂ ಸುತ್ತ ನೋಡಿದಳು. "ಇವಳಿಲ್ದಿದ್ರೆ ನಾನು ಯಾರ ಎದುರು ಆಡ್ಲಿ, ಡಾಕ್ಟರ್? ನಾವೇ ತಾನೆ ವೋಟ್ ಹಾಕಿದ್ದು?"

ಅವಳು ವಾಪಸ್ಸು ಹೋಗಿ ಎರಡೂ ತಂಡದವರ ಜೊತೆ ಏನೋ ಮಾತಾಡಿದಳು. ಘೋಷಣೆ, ಗಲಾಟೆ ಏನೂ ಇಲ್ಲ. ಒಬ್ಬೊಬ್ಬರಾಗಿ ಬ್ಯಾಗು, ನೀರಿನ ಬಾಟಲಿ ಎತ್ತಿಕೊಂಡರು. ಆ ಕಾಲೇಜಿನ ಚೆಂಡನ್ನು ಒಬ್ಬಳು ಒಯ್ದು ರೆಫರಿಯ ಕೈಯಲ್ಲಿಟ್ಟು ತಲೆಬಾಗಿ ಬಂದಳು. ಎಲ್ಲರೂ ಗೇಟು ದಾಟಿ ತಮ್ಮನ್ನು ಕರೆತಂದಿದ್ದ ವ್ಯಾನುಗಳನ್ನು ಹತ್ತಿದರು. ತುಳಸಿಯನ್ನು ಆಯಿಷಾ ಕೈಹಿಡಿದು ಎಬ್ಬಿಸಿದಳು. "ನಿಮ್ಮನೆ ಹತ್ರ ಪದಂಗ್ ಇದೆ ಅಂದಿದ್ಯಲ್ಲ, ನಡಿ," ಎಂದದ್ದು ಕೇಳಿಸಿತು. ಪದಂಗ್ ಎಂದರೆ ಊರ ಬಯಲು, ಯಾರೂ ಆಡಬಹುದಾದ ಜಾಗ.

ಶೆಟ್ಟರು ಹೊರಡುವ ವ್ಯಾನನ್ನು ನೋಡುತ್ತ ಕೇಳಿದರು: "ಎಲ್ಲಿಗೆ ಹೋಗ್ತಾರೆ ಇವ್ರೆಲ್ಲ? ಟಾಯ್ಲೆಟ್ ಇಲ್ಲೇ ಉಂಟಲ್ಲ!"

ಆಮೇಲಿನ ದೃಶ್ಯ ಬೇರೆಯವರಿಗಾಗಿದ್ದರೆ ನಾನೂ ನಗುತ್ತಿದ್ದೆ. ಹಸಿರು ಕಂಬಳಿ ಹಾಸಿದಂಥ ಮೈದಾನ. ಹೊಸ ಬಿಳಿ ಗೆರೆಗಳು. ನಡುವೆ ಚೆಂಡು ಹಿಡಿದ ರೆಫರಿ. ಶಾಮಿಯಾನದ ಕೆಳಗೆ ಬಟೀಕ್ ಅಂಗಿಯ ಚೀಫ್ ಗೆಸ್ಟ್, ಅವರ ಹಿಂದೆ ಮೇಜಿನ ತುಂಬ ಬಿರಿಯಾನಿ ಡಬ್ಬಿಗಳು. ಕ್ಯಾಮೆರಾದವನು ಬಂದು, "ಮೇಡಂ, ಲೈವ್ ಶುರು ಮಾಡ್ಲಾ?" ಎಂದ. ನೆಲ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು.

ಕೋಚ್ ಲಿಮ್ ತಮ್ಮ ಮಡಚುವ ಕುರ್ಚಿಯನ್ನು ಕಂಕುಳಲ್ಲಿ ಇರಿಸಿಕೊಂಡು ಬಂದರು. "ಡಾಕ್ಟರ್, ನಾನು ಹುಲ್ಲು ನೋಡೋಕೆ ಬಂದಿಲ್ಲ ಲಾ. ಹುಡುಗೀರು ಎಲ್ಲಿ?"

ಹೇಳಿದೆ. "ಅಲ್ಲಿ ಯಾರಿಗಾದ್ರೂ ಕಾಲು ಮುರಿದ್ರೆ ಡಾಕ್ಟರ್ ಯಾರು?" ಎಂದು ಅವರು ಕೇಳಿದರು. ಆಗ ನನ್ನ ಬುದ್ಧಿ ನೆಟ್ಟಗಾಯಿತು. ಪ್ರಥಮ ಚಿಕಿತ್ಸೆಯ ಚೀಲ ಎತ್ತಿಕೊಂಡೆ. ಶೆಟ್ಟರು ಕಾರಿನವರೆಗೂ ಬಂದರು, "ನೀವೂ ಹೊರಟ್ರಾ? ಊಟ ಎಂತ ಮಾಡುದು ಡಾಕ್ಟ್ರೆ?" ಎನ್ನುತ್ತ. ಆಗಲೂ ನಾನು ಅವರ ಮುಖ ನೋಡಿ ಮಾತಾಡಲಿಲ್ಲ.

ಪುಚೊಂಗ್‌ನ ಆ ಪದಂಗ್ ಎಲ್‌ಆರ್‌ಟಿ ಕಂಬಗಳ ಪಕ್ಕದಲ್ಲಿತ್ತು, ಒಂದು ಬದಿಗೆ ಅಗ್ಗದ ಫ್ಲ್ಯಾಟುಗಳು, ಇನ್ನೊಂದು ಬದಿಗೆ ಮಮಕ್ ಅಂಗಡಿ, ಅಂದರೆ ತಮಿಳು ಮುಸ್ಲಿಮರ ಚಹಾ-ತಿಂಡಿಯ ಹೋಟೆಲು. ಗೋಲಿಗೆ ಬಲೆಯಿರಲಿಲ್ಲ. ಗೆರೆಯ ಬದಲು ಬ್ಯಾಗುಗಳನ್ನು ಸಾಲಾಗಿ ಇಟ್ಟಿದ್ದರು. ಮಮಕ್‌ನಲ್ಲಿ ಚಹಾ ಕುಡಿಯುತ್ತಿದ್ದ ಒಬ್ಬ ನಿವೃತ್ತ ಪಿಟಿ ಮಾಸ್ತರರನ್ನು ಎಬ್ಬಿಸಿ ತಂದು ರೆಫರಿ ಮಾಡಿಕೊಂಡಿದ್ದರು. ಆಟ ಶುರುವಾಗಿತ್ತು. ನಾನು ಚೀಲ ಹಿಡಿದು ಅಂಚಿನಲ್ಲಿ ನಿಂತೆ. ಯಾರೂ ನನ್ನನ್ನು ಬೈಯಲಿಲ್ಲ, ಬನ್ನಿ ಎಂದೂ ಕರೆಯಲಿಲ್ಲ.

ತುಳಸಿ ಅಂದು ಆಡಿದ್ದನ್ನು ಬಣ್ಣಿಸುವಷ್ಟು ಫುಟ್‌ಬಾಲ್ ನನಗೆ ಗೊತ್ತಿಲ್ಲ. ಆಯಿಷಾ ಎರಡು ಸಲ ಅವಳನ್ನು ದಾಟಿದಳು, ಉಳಿದಂತೆ ದಾಟಲಾಗಲಿಲ್ಲ. ಪ್ರತಿ ಸಲವೂ ಇಬ್ಬರೂ ಕೆಸರಿನಲ್ಲಿ ಬಿದ್ದು ನಗುತ್ತ ಎದ್ದರು. ಕೋಚ್ ಲಿಮ್ ಕುರ್ಚಿ ಬಿಡಿಸಲೂ ಮರೆತು ನಿಂತೇ ಇದ್ದರು. ಎರಡನೆಯ ಅರ್ಧದಲ್ಲಿ ತುಳಸಿಯ ಮೀನಖಂಡ ಹಿಡಿದುಕೊಂಡಿತು. ಕೂಗಿದರು, ಓಡಿದೆ. ಅವಳ ಪಾದ ಹಿಡಿದು ಮೆಲ್ಲಗೆ ಮೇಲಕ್ಕೆ ಒತ್ತುತ್ತಿದ್ದೆ, ಅವಳು ಹಲ್ಲು ಕಚ್ಚಿಕೊಂಡೇ ಹೇಳಿದಳು:

"ಸಾರಿ ಡಾಕ್ಟರ್. ನನ್ನಿಂದ ನಿಮ್ಮ ಫ್ರೆಂಡ್ ಮುಂದೆ ನಿಮಗೆ ಕಷ್ಟ ಆಯ್ತು."

ನನ್ನ ಕೈ ನಿಂತುಬಿಟ್ಟಿತು. ಅವಳೇ "ಇನ್ನೂ ಸ್ವಲ್ಪ ಒತ್ತಿ," ಎಂದಳು.

ಆಟ ಮುಗಿದ ಮೇಲೆ ಲಿಮ್ ಅವಳ ಜೊತೆ ಬಹಳ ಹೊತ್ತು ಮಾತಾಡಿದರು. ಫಲಿತಾಂಶ ಇಲ್ಲೇ ಹೇಳಿಬಿಡುತ್ತೇನೆ: ಸೀಟು ಅವಳಿಗೆ ಸಿಕ್ಕಿತು. ಆದರೆ ಅದರಲ್ಲಿ ನನ್ನ ಪಾಲು ಏನೂ ಇರಲಿಲ್ಲ. ನನ್ನ ಮಾತು ನಡೆದಿದ್ದರೆ ಅವಳು ಗೇಟಿನ ಹೊರಗೆ ಕೂತಿರುತ್ತಿದ್ದಳು.

ಆ ಸಂಜೆ ಶೆಟ್ಟರ ಫೋನ್ ಬಂತು. ಬೈಯುತ್ತಾರೆಂದು ಕಾದೆ. ಬೈಯಲಿಲ್ಲ.

"ಬಿರಿಯಾನಿ ಎಲ್ಲ ಹಾಸ್ಟೆಲಿಗೆ ಕೊಟ್ಟೆವು, ಹಾಳಾಗ್ಲಿಲ್ಲ. ಅದಲ್ಲ ಡಾಕ್ಟ್ರೆ, ಮೊದಲೇ ಒಂದು ಮಾತು ಹೇಳ್ಬಾರ್ದಿತ್ತಾ? ಒಬ್ಬಳಿಗೆ ಒಂದು ದಿನದ ಇನ್ಶೂರೆನ್ಸ್ ಮಾಡಿಸುದು ಎಂತ ದೊಡ್ಡ ಕೆಲಸ? ಬೇರೆ ಪ್ರೋಗ್ರಾಮಿಗೆಲ್ಲ ಮಾಡ್ತೇವೆ. ಆ ಹುಡುಗಿ ಮುಖ ನೋಡಿ ನಂಗೂ ಊಟ ಸೇರ್ಲಿಲ್ಲ."

ಅಲ್ಲಿಯವರೆಗೆ ನನ್ನೊಳಗೆ ಒಂದು ಸಣ್ಣ ಸಮಜಾಯಿಷಿ ಉಳಿದಿತ್ತು: ನಿಯಮ ಹಾಗಿತ್ತು, ನಾನೇನು ಮಾಡಲಿ ಎಂದು. ಅದೂ ಹೋಯಿತು. ನಿಯಮಕ್ಕೆ ದಾರಿಯಿತ್ತು. ದಾರಿ ತೋರಿಸುವ ಮನುಷ್ಯ ಫೋನಿನ ಆ ತುದಿಯಲ್ಲೇ ಇದ್ದರು. ನಾನು ಕೇಳಿರಲಿಲ್ಲ, ಅಷ್ಟೆ. ರಘು ಆ ರಾತ್ರಿ ಚೇಷ್ಟೆ ಮಾಡಲಿಲ್ಲ. ಅವರು ಚೇಷ್ಟೆ ಮಾಡದಿದ್ದದ್ದೇ ನನಗೆ ಹೆಚ್ಚು ಚುಚ್ಚಿತು.

ಮರುದಿನ ತುಳಸಿಯ ತಾಯಿಯ ಅಂಗಡಿಗೆ ಹೋದೆ. ಮಗಳ ಡಾಕ್ಟರು ಬಂದರೆಂದು ಆ ತಾಯಿ ಪ್ಲಾಸ್ಟಿಕ್ ಕುರ್ಚಿ ಒರೆಸಿ ಕೂರಿಸಿದರು, ಕೇಳದೆಯೇ ತೋಸೈ ಹುಯ್ದರು. ನಾನು ತಿನ್ನುವ ಮೊದಲೇ ತುಳಸಿಗೆ ಎಲ್ಲವನ್ನೂ ಹೇಳಿದೆ. ನನಗೆ ದಿನಗಳ ಮೊದಲೇ ಗೊತ್ತಿತ್ತೆಂದು, ಒಂದು ಮಾತು ಕೇಳಿದ್ದರೆ ಆಗುತ್ತಿತ್ತೆಂದು, ನಾನು ಕೇಳಲಿಲ್ಲವೆಂದು. ಸಾರಿ ಹೇಳಬೇಕಾದವಳು ನಾನು ಎಂದೆ.

ಅವಳು ಚಟ್ನಿಯ ಪೊಟ್ಟಣ ಕಟ್ಟುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ಗೇಟಿನ ಹತ್ತಿರ ಬಾರದ ಸಿಟ್ಟು ಆಗ ಒಂದು ಗಳಿಗೆ ಅವಳ ಕಣ್ಣಿನಲ್ಲಿ ಬಂದು ಹೋಯಿತು. ಬಂದದ್ದು ಸರಿಯೇ ಅನ್ನಿಸಿತು ನನಗೆ.

"ಹಾಗಾದ್ರೆ ಮುಂದಿನ ಸಲ ಕೇಳಿ ಲಾ, ಡಾಕ್ಟರ್," ಎಂದಳು. ಇನ್ನೊಂದು ಪೊಟ್ಟಣಕ್ಕೆ ರಬ್ಬರ್ ಬ್ಯಾಂಡ್ ಹಾಕಿದಳು.

ವೈದ್ಯೆಯಾಗಿ ನನಗೆ ಕೆಲಸ ಕಲಿಸಿದವರು ಅನೇಕರು. ಸಂಚಾಲಕಿಯ ಕೆಲಸ ಕಲಿಸಿದ್ದು ಆ ಒಂದು ಮಾತು. ಉಪಕಾರ ಮಾಡಿದವರ ಮುಂದೆ ನಮ್ಮ ಬಾಯಿ ಕಟ್ಟಿದಾಗ ನಾವು ಒಳ್ಳೆಯವರಾಗಿ ಉಳಿಯುತ್ತೇವೆ. ಅದರ ನಷ್ಟ, ನಮ್ಮನ್ನೇ ನಂಬಿ ಬೂಟು ಕಟ್ಟಿಕೊಂಡು ಬಂದವರಿಗೆ. ಮುಂದಿನ ವರ್ಷ ಅದೇ ಪಂದ್ಯಕ್ಕೆ ಮತ್ತೆ ಶೆಟ್ಟರ ಮೈದಾನವನ್ನೇ ಕೇಳಿದೆ. ಜೊತೆಗೆ, ಓದು ನಿಲ್ಲಿಸಿದ ಇಬ್ಬರು ಹುಡುಗಿಯರಿದ್ದಾರೆ, ಅವರಿಗೂ ಇನ್ಶೂರೆನ್ಸ್ ಬೇಕು, ಆಗದಿದ್ದರೆ ಈಗಲೇ ಹೇಳಿ, ಬೇರೆ ಕಡೆ ನೋಡುತ್ತೇನೆ ಎಂದೂ ಹೇಳಿದೆ. ಹೇಳುವಾಗ ಅಂಗೈ ಬೆವರಿತ್ತು.

"ಆಯ್ತು, ಅದಕ್ಕೆಂತ?" ಎಂದರು ಶೆಟ್ಟರು, ಮತ್ತು ಊಟಕ್ಕೆ ಎಷ್ಟು ಜನ ಎಂದು ಕೇಳಿದರು.

ಅದು ಅಷ್ಟು ಸುಲಭವಾಗಿತ್ತು. ನನಗೆ ಈಗಲೂ ಹೆಚ್ಚು ನಾಚಿಕೆ ತರುವುದು ಅದೇ.